ದೇವದೂತನಲ್ಲ, ದೇವಪುತ್ರ: ಒಂದು ಪದದ ಹಿಂದಿನ ಇತಿಹಾಸ

ಕೆಲವು ವರ್ಷಗಳ ಹಿಂದಿನ ಕ್ರಿಸ್‌ಮಸ್. ಶಿವಮೊಗ್ಗದ ಸೇಕ್ರೆಡ್ ಹಾರ್ಟ್ ಚರ್ಚಿನಲ್ಲಿ ಗೋದಲಿ ನೋಡಲು ಎಲ್ಲ ಧರ್ಮದವರೂ ಬಂದಿದ್ದರು. ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ಬಂದವರು, ಸೆಲ್ಫಿ ತೆಗೆದುಕೊಳ್ಳುವ ಕಾಲೇಜು ಹುಡುಗರು, ಬುರ್ಖಾ ತೊಟ್ಟ ಹೆಣ್ಣುಮಕ್ಕಳು. ನಾವು ನಾಲ್ಕು ಫೋಟೊ ತೆಗೆದು, ಇನ್ನೂರು ಪದದ ವರದಿ ಬರೆದು ಕಳಿಸಿದೆವು. ಅದರಲ್ಲಿ ಯೇಸುವನ್ನು ‘ದೇವದೂತ’ ಎಂದು ಬರೆದಿದ್ದೆವು. ಪ್ರತಿ ವರ್ಷ ಬರೆಯುತ್ತಿದ್ದುದೂ ಹಾಗೆಯೇ. ವರದಿ ಹಾಗೆಯೇ ಅಚ್ಚಾಯಿತು.

ಪತ್ರಿಕೆ ಬಂದ ದಿನ ಬೆಳಿಗ್ಗೆ ಭದ್ರಾವತಿಯಿಂದ ಫೋನ್. ಮಾತಾಡಿದವರು ಕಾರ್ಖಾನೆಯಿಂದ ನಿವೃತ್ತರಾದ ಒಬ್ಬ ಹಿರಿಯರು. ದನಿಯಲ್ಲಿ ಸಿಟ್ಟಿರಲಿಲ್ಲ. “ದೂತ ಅಂದ್ರೆ ಹೇಳಿಕಳಿಸಿದ್ದನ್ನ ಹೇಳಿ ಹೋಗೋನು. ಮಗ ಅಂದ್ರೆ ಮನೆಯೋನು. ನೀವು ವರ್ಷಾ ವರ್ಷಾ ದೂತ ಅಂತ ಬರೀತೀರಿ, ನಾವೂ ಸುಮ್ನಿರ್ತೀವಿ. ಇವತ್ತು ಹೇಳೋಣ ಅನ್ನಿಸ್ತು” ಎಂದರು.

ಒಂದೇ ಪದ ತಾನೆ ಎಂದುಕೊಂಡೆವು. ಆಮೇಲೆ ಓದುತ್ತಾ, ಕೇಳುತ್ತಾ ಹೋದಂತೆ ತಿಳಿಯಿತು: ಈ ಒಂದು ಪದಕ್ಕಾಗಿ ಜನ ಸಭೆ ಸೇರಿದ್ದಾರೆ, ಗಡೀಪಾರಾಗಿದ್ದಾರೆ. ‘ದೇವರ ಮಗ’ ಎಂದರೆ ಕ್ರೈಸ್ತರ ಗ್ರಂಥದಲ್ಲಿ ಏನರ್ಥ, ಅದು ಹೇಗೆ ಬೆಳೆಯಿತು, ಕನ್ನಡಕ್ಕೆ ಹೇಗೆ ಬಂತು ಎಂಬುದನ್ನು ನಮಗೆ ತಿಳಿದಷ್ಟು ಇಲ್ಲಿ ಹೇಳುತ್ತೇವೆ. ಇದು ಪ್ರಚಾರವಲ್ಲ, ವಾದವೂ ಅಲ್ಲ. ಪಕ್ಕದ ಮನೆಯವರ ಮಾತನ್ನು ಸರಿಯಾಗಿ ಕೇಳಿಸಿಕೊಳ್ಳುವ ಪ್ರಯತ್ನ.

ಮಣ್ಣಿನ ಮಗನನ್ನು ಮಣ್ಣು ಹೆತ್ತಿಲ್ಲ

ಮೊದಲು ನಮ್ಮ ಮಾತಿನಿಂದಲೇ ಹೊರಡೋಣ. ರೈತನನ್ನು ‘ಮಣ್ಣಿನ ಮಗ’ ಎನ್ನುತ್ತೇವೆ. ಮಣ್ಣು ಅವನನ್ನು ಹೆತ್ತಿತು ಎಂದು ಯಾರೂ ತಿಳಿಯುವುದಿಲ್ಲ. ಅವನ ಗುಣ, ಅವನ ಬದುಕು, ಅವನ ಹಕ್ಕು ಮಣ್ಣಿನದು ಎಂಬುದೇ ಆ ಮಾತಿನ ಅರ್ಥ.

ಯೇಸು ಹುಟ್ಟಿದ ಯೆಹೂದ್ಯ ಜನರ ಭಾಷೆಗಳಲ್ಲಿ ಇಂಥ ಮಾತು ನಮಗಿಂತಲೂ ಹೆಚ್ಚು. ಹೀಬ್ರೂ ಭಾಷೆಯಲ್ಲಿ ‘ಬೆನ್’ ಎಂದರೆ ಮಗ, ಅರಮಾಯಿಕ್ ಭಾಷೆಯಲ್ಲಿ ‘ಬರ್’. ಯೇಸುವಿನ ಇಬ್ಬರು ಶಿಷ್ಯರಾದ ಯಾಕೋಬ ಮತ್ತು ಯೋಹಾನರಿಗೆ ‘ಗುಡುಗಿನ ಮಕ್ಕಳು’ ಎಂಬ ಅಡ್ಡಹೆಸರಿತ್ತು ಎಂದು ಮಾರ್ಕನ ಸುವಾರ್ತೆ ಹೇಳುತ್ತದೆ. ಬಾರ್ನಬ ಎಂಬ ಹೆಸರಿಗೆ ‘ಧೈರ್ಯ ತುಂಬುವುದರ ಮಗ’ ಎಂಬ ಅರ್ಥವನ್ನು ಗ್ರಂಥವೇ ಕೊಡುತ್ತದೆ.

ಹಾಗಾಗಿ ಬೈಬಲಿನ ಹಳೆಯ ಭಾಗದಲ್ಲಿ ‘ದೇವರ ಮಗ’ ಎಂಬ ಮಾತು ಯೇಸುವಿಗಿಂತ ಬಹಳ ಮೊದಲೇ ಬರುತ್ತದೆ, ಬೇರೆ ಬೇರೆಯವರಿಗೆ ಬರುತ್ತದೆ. ಯೋಬನ ಗ್ರಂಥದಲ್ಲಿ ದೇವರ ಸನ್ನಿಧಿಯಲ್ಲಿ ನಿಲ್ಲುವ ಸ್ವರ್ಗದ ಜೀವಿಗಳು ದೇವರ ಮಕ್ಕಳು. ವಿಮೋಚನಕಾಂಡದಲ್ಲಿ ಈಜಿಪ್ಟಿನ ದೊರೆಯ ಕೈಕೆಳಗೆ ಜೀತಕ್ಕಿದ್ದ ಇಡೀ ಇಸ್ರೇಲ್ ಜನಾಂಗವೇ ದೇವರ ಚೊಚ್ಚಲ ಮಗ. ಜೀತದಾಳುಗಳ ಒಂದು ಗುಂಪನ್ನು ದೇವರು ತನ್ನ ಹಿರಿಯ ಮಗ ಎಂದು ಕರೆದು, ಬಿಟ್ಟುಬಿಡು ಎಂದು ದೊರೆಗೆ ಹೇಳಿಕಳಿಸುತ್ತಾನೆ.

ಆಮೇಲೆ ರಾಜರು ಬಂದರು. ದಾವೀದನ ವಂಶದಲ್ಲಿ ಪಟ್ಟಕ್ಕೆ ಬರುವವನಿಗೆ ತಾನು ತಂದೆಯಾಗಿರುತ್ತೇನೆ, ಅವನು ತನಗೆ ಮಗನಾಗಿರುತ್ತಾನೆ ಎಂದು ದೇವರು ಮಾತು ಕೊಟ್ಟದ್ದಾಗಿ ಸಮುವೇಲನ ಎರಡನೆಯ ಗ್ರಂಥದಲ್ಲಿದೆ. ಎರಡನೆಯ ಕೀರ್ತನೆಯಲ್ಲಿ ದೇವರು ರಾಜನನ್ನು ಇವತ್ತೇ ಪಡೆದ ಮಗನೆಂದು ಕರೆಯುತ್ತಾನೆ. ಇದು ಪಟ್ಟಾಭಿಷೇಕದ ದಿನದ ಹಾಡು ಎಂದು ಅನೇಕ ವಿದ್ವಾಂಸರು ಓದುತ್ತಾರೆ. ಅಂದರೆ ಇಲ್ಲಿ ‘ಮಗ’ ಎಂಬುದು ರಕ್ತದ ಮಾತಲ್ಲ; ಅಧಿಕಾರದ, ಹೊಣೆಯ, ವಾರಸಿಕೆಯ ಮಾತು.

ಚಂದ್ರವಳ್ಳಿಯ ಬೆಳ್ಳಿ ನಾಣ್ಯ

ಯೇಸುವಿನ ಕಾಲಕ್ಕೆ ಆ ನಾಡನ್ನು ಆಳುತ್ತಿದ್ದವರು ಯೆಹೂದ್ಯ ರಾಜರಲ್ಲ, ರೋಮಿನ ಚಕ್ರವರ್ತಿಗಳು. ಅವರಲ್ಲೂ ‘ದೇವರ ಮಗ’ ಎಂಬ ಬಿರುದು ಇತ್ತು. ಅದರ ಗುರುತು ಹುಡುಕಲು ನಾವು ರೋಮಿಗೆ ಹೋಗಬೇಕಿಲ್ಲ. ಪಕ್ಕದ ಚಿತ್ರದುರ್ಗ ಸಾಕು.

ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ 1947ರಲ್ಲಿ ಮಾರ್ಟಿಮರ್ ವ್ಹೀಲರ್ ಉತ್ಖನನ ನಡೆಸಿದಾಗ ಟಿಬೇರಿಯಸ್ ಚಕ್ರವರ್ತಿಯ ಬೆಳ್ಳಿ ನಾಣ್ಯ ಸಿಕ್ಕಿತು. ಈ ಟಿಬೇರಿಯಸ್ ರೋಮನ್ನು ಆಳಿದ್ದು ಕ್ರಿ.ಶ. 14ರಿಂದ 37ರವರೆಗೆ. ಯೇಸುವನ್ನು ಶಿಲುಬೆಗೇರಿಸಿದ್ದು ಇವನ ಆಳ್ವಿಕೆಯಲ್ಲೇ. ಟಿಬೇರಿಯಸನ ಬೆಳ್ಳಿ ನಾಣ್ಯಗಳ ಮೇಲೆ ಸಾಮಾನ್ಯವಾಗಿ ಇರುತ್ತಿದ್ದ ಬರಹ ಅವನನ್ನು ದೈವವಾದ ಆಗಸ್ಟಸನ ಮಗ ಎಂದು ಸಾರುತ್ತದೆ. ಸತ್ತ ಚಕ್ರವರ್ತಿಯನ್ನು ರೋಮಿನ ಸೆನೆಟ್ ದೇವರ ಸಾಲಿಗೆ ಸೇರಿಸುತ್ತಿತ್ತು. ಹಾಗೆ ಸೇರಿದವನ ಮಗ ‘ದೇವರ ಮಗ’.

ಇನ್ನೊಂದು ವಿಷಯ ಗಮನಿಸಿ. ಟಿಬೇರಿಯಸ್ ಆಗಸ್ಟಸನಿಗೆ ಹುಟ್ಟಿದವನಲ್ಲ, ದತ್ತುಮಗ. ಆಗಸ್ಟಸನೂ ಜೂಲಿಯಸ್ ಸೀಸರನ ದತ್ತುಮಗನೇ. ದತ್ತು ತೆಗೆದುಕೊಂಡ ಮೇಲೆ ಹೆಸರು, ಆಸ್ತಿ, ಅಧಿಕಾರ ಎಲ್ಲವೂ ಅವನದೇ. ನಮ್ಮ ಜಿಲ್ಲೆಯವರಿಗೆ ಇದು ಹೊಸದಲ್ಲ. 17ನೇ ಶತಮಾನದಲ್ಲಿ ಕೆಳದಿಯ ರಾಣಿ ಚೆನ್ನಮ್ಮಾಜಿ ಬಸಪ್ಪ ನಾಯಕನನ್ನು ದತ್ತು ತೆಗೆದುಕೊಂಡಳು, ಅವಳ ನಂತರ ಸಿಂಹಾಸನ ಅವನದಾಯಿತು. ಅವನು ನಿಜವಾದ ಮಗನೋ ಅಲ್ಲವೋ ಎಂದು ಕೇಳಿದರೆ ಆ ಕಾಲದವರು ನಗುತ್ತಿದ್ದರು.

ಹಾಗಾಗಿ ಮೊದಲ ಶತಮಾನದಲ್ಲಿ ಯಾರಾದರೂ ಒಬ್ಬ ಬಡಗಿಯನ್ನು ‘ದೇವರ ಮಗ’ ಎಂದರೆ ಅದು ಪೂಜೆಯ ಮಾತು ಮಾತ್ರ ಆಗಿರಲಿಲ್ಲ. ಆ ಬಿರುದು ಅರಮನೆಯದು. ಅದನ್ನು ನಜರೇತಿನ ಕೂಲಿಗಾರನೊಬ್ಬನಿಗೆ ಕೊಡುವುದು ಅಪಾಯದ ಮಾತಾಗಿತ್ತು.

ಗೇಣಿ ತೋಟದ ಕಥೆ

ಈಗ ಭದ್ರಾವತಿಯ ಹಿರಿಯರ ಮಾತಿಗೆ ಬರೋಣ: ದೂತನಿಗೂ ಮಗನಿಗೂ ಏನು ವ್ಯತ್ಯಾಸ? ಅದಕ್ಕೆ ಉತ್ತರ ಮಾರ್ಕನ ಸುವಾರ್ತೆಯ 12ನೇ ಅಧ್ಯಾಯದಲ್ಲಿ ಯೇಸುವೇ ಹೇಳುವ ಒಂದು ಕಥೆಯಲ್ಲಿದೆ.

ಒಬ್ಬ ಯಜಮಾನ ದ್ರಾಕ್ಷಿ ತೋಟ ಮಾಡಿ, ಗೇಣಿಗೆ ಕೊಟ್ಟು ದೂರದ ಊರಿಗೆ ಹೋಗುತ್ತಾನೆ. ಫಸಲಿನ ಕಾಲಕ್ಕೆ ತನ್ನ ಪಾಲು ತರಲು ಆಳನ್ನು ಕಳಿಸುತ್ತಾನೆ. ಗೇಣಿದಾರರು ಹೊಡೆದು ಬರಿಗೈಯಲ್ಲಿ ಅಟ್ಟುತ್ತಾರೆ. ಇನ್ನೊಬ್ಬನನ್ನು ಕಳಿಸಿದರೆ ತಲೆ ಒಡೆಯುತ್ತಾರೆ. ಮತ್ತೊಬ್ಬನನ್ನು ಕೊಂದೇಬಿಡುತ್ತಾರೆ. ಕೊನೆಗೆ ಉಳಿದದ್ದು ಒಬ್ಬನೇ, ಅವನ ಮುದ್ದಿನ ಮಗ. ಮಗನಿಗಾದರೂ ಮರ್ಯಾದೆ ಕೊಟ್ಟಾರು ಎಂದು ಅವನನ್ನೇ ಕಳಿಸುತ್ತಾನೆ. ಇವನೇ ವಾರಸುದಾರ, ಇವನನ್ನು ಮುಗಿಸಿದರೆ ತೋಟ ನಮ್ಮದು ಎಂದು ಅವರು ಅವನನ್ನೂ ಕೊಲ್ಲುತ್ತಾರೆ.

1951ರ ಕಾಗೋಡು ಸತ್ಯಾಗ್ರಹ ಕಂಡ ಜಿಲ್ಲೆಯವರಾದ ನಮಗೆ ಈ ಕಥೆ ಓದಿದಾಗ ಮನಸ್ಸು ಮೊದಲು ಗೇಣಿದಾರರ ಕಡೆಗೇ ಹೋಗುತ್ತದೆ. ಆದರೆ ಕಥೆಯ ಗುರಿ ಗೇಣಿಯಲ್ಲ. ಆಳುಗಳೆಂದರೆ ದೇವರು ಕಳಿಸಿದ ಪ್ರವಾದಿಗಳು. ಅವರ ನಂತರ ಬಂದವನು ಇನ್ನೊಬ್ಬ ಆಳಲ್ಲ, ಮನೆಯ ಮಗ. ದೂತ ಮಾತು ತರುತ್ತಾನೆ, ಮಗ ತಂದೆಯನ್ನೇ ಮುಂದೆ ತಂದು ನಿಲ್ಲಿಸುತ್ತಾನೆ. ಹಿರಿಯರು ಫೋನಿನಲ್ಲಿ ಒಂದು ಸಾಲಿನಲ್ಲಿ ಹೇಳಿದ್ದು ಇದನ್ನೇ.

ಮಾರ್ಕನ ಸುವಾರ್ತೆ ಬರೆದದ್ದು ಸುಮಾರು ಕ್ರಿ.ಶ. 70ರ ಹೊತ್ತಿಗೆ ಎನ್ನುತ್ತಾರೆ. ನಾಲ್ಕರಲ್ಲಿ ಅದೇ ಹಳೆಯದು ಎಂಬುದು ಹೆಚ್ಚಿನ ವಿದ್ವಾಂಸರ ಅಭಿಪ್ರಾಯ. ಅದರಲ್ಲಿ ಯೇಸು ಸ್ನಾನದೀಕ್ಷೆ ಪಡೆಯುವಾಗ ಆಕಾಶದಿಂದ ಬಂದ ದನಿ ಅವನನ್ನು ಪ್ರಿಯ ಮಗ ಎನ್ನುತ್ತದೆ. ಮನುಷ್ಯರಲ್ಲಿ ಈ ಮಾತನ್ನು ಮನಸಾರೆ ಒಪ್ಪಿಕೊಂಡು ಹೇಳುವವನು ಒಬ್ಬನೇ, ಅದೂ ಕೊನೆಯಲ್ಲಿ. ಅವನು ಶಿಷ್ಯನಲ್ಲ, ಪುರೋಹಿತನಲ್ಲ. ಶಿಲುಬೆಯ ಕೆಳಗೆ ಕಾವಲಿದ್ದ ರೋಮಿನ ಸೇನಾಧಿಕಾರಿ. ತನ್ನ ಸಂಬಳದ ನಾಣ್ಯದ ಮೇಲೆ ಚಕ್ರವರ್ತಿಯನ್ನು ದೇವರ ಮಗನೆಂದು ಕಾಣುತ್ತಿದ್ದವನು, ಮೊಳೆ ಹೊಡೆಸಿಕೊಂಡು ಸತ್ತ ಕೈದಿಯನ್ನು ಆ ಹೆಸರಿನಿಂದ ಕರೆಯುತ್ತಾನೆ. ಚಂದ್ರವಳ್ಳಿಯ ನಾಣ್ಯದ ಬಗ್ಗೆ ಓದಿದ ಮೇಲೆ ಈ ಭಾಗ ನಮಗೆ ಬೇರೆಯಾಗಿಯೇ ಕಂಡಿತು.

ಕರ್ಣನಂತೆ ಅಲ್ಲ

ಗೋದಲಿ ಮುಂದೆ ಮಕ್ಕಳು ಕೇಳುವ ಪ್ರಶ್ನೆಯೊಂದಿದೆ: ಇದು ದೇವರ ಮಗುವಾದರೆ ದೇವರ ಹೆಂಡತಿ ಯಾರು? ದೊಡ್ಡವರು ಬಾಯಿ ಮುಚ್ಚಿಸುತ್ತಾರೆ. ಆದರೆ ಪ್ರಶ್ನೆ ಸಹಜವೇ. ಯಕ್ಷಗಾನ, ಗಮಕ ಕೇಳಿ ಬೆಳೆದ ನಮಗೆ ದೇವರ ಮಗ ಎಂದರೆ ಮೊದಲು ನೆನಪಾಗುವವನು ಸೂರ್ಯಪುತ್ರ ಕರ್ಣ. ಆಮೇಲೆ ವಾಯುಪುತ್ರ ಭೀಮ, ಶಿವಕುಮಾರ ಷಣ್ಮುಖ.

ಕ್ರೈಸ್ತರ ಗ್ರಂಥ ಹೇಳುವುದು ಅದಲ್ಲ. ಲೂಕನ ಸುವಾರ್ತೆಯಲ್ಲಿ ಮರಿಯಳಿಗೆ ಸುದ್ದಿ ತಂದ ದೂತ, ಪವಿತ್ರಾತ್ಮನ ಬಲದಿಂದ ಮಗು ಹುಟ್ಟುವುದೆಂದು ತಿಳಿಸುತ್ತಾನೆ. ಅಲ್ಲಿ ದೇವರಿಗೆ ಹೆಂಡತಿಯಿಲ್ಲ, ಕೂಡುವಿಕೆಯಿಲ್ಲ. ಅಂದಹಾಗೆ, ಆ ಕಥೆಯಲ್ಲಿ ದೇವದೂತ ಇರುವುದು ನಿಜ. ಆದರೆ ಅವನ ಹೆಸರು ಗಬ್ರಿಯೇಲ. ನಾವು ವರ್ಷಾ ವರ್ಷಾ ಅವನ ಪಟ್ಟವನ್ನು ಮಗುವಿಗೆ ಕಟ್ಟುತ್ತಿದ್ದೆವು.

ಯೋಹಾನನ ಸುವಾರ್ತೆ ಇನ್ನೂ ಹಿಂದಕ್ಕೆ ಹೋಗುತ್ತದೆ. ಲೋಕ ಹುಟ್ಟುವ ಮೊದಲೇ ದೇವರ ಬಳಿ ಇದ್ದ ‘ವಾಕ್ಯ’ವೇ ಮನುಷ್ಯನಾಗಿ ಬಂತು, ಅವನೇ ಒಬ್ಬನೇ ಮಗ ಎನ್ನುತ್ತದೆ. ಹಾಗಾದರೆ ಮಗನೂ ದೇವರೋ? ಇಬ್ಬರು ದೇವರಾದರಲ್ಲವೇ? ಈ ಪ್ರಶ್ನೆಯೇ ಮುಂದೆ ದೊಡ್ಡ ಜಗಳವಾಯಿತು.

ಈಜಿಪ್ಟಿನ ಅಲೆಕ್ಸಾಂಡ್ರಿಯಾದಲ್ಲಿ ಅರಿಯುಸ್ ಎಂಬ ಪಾದ್ರಿ, ಮಗನೂ ದೇವರ ಸೃಷ್ಟಿಯೇ, ಅವನು ಇಲ್ಲದ ಕಾಲವೂ ಇತ್ತು ಎಂದು ಬೋಧಿಸಿದ. ಜಗಳ ಎಷ್ಟು ಬೆಳೆಯಿತೆಂದರೆ ಕಾನ್‌ಸ್ಟಂಟೈನ್ ಚಕ್ರವರ್ತಿ ಕ್ರಿ.ಶ. 325ರಲ್ಲಿ ನೈಸಿಯಾ ಊರಿನಲ್ಲಿ ಬಿಷಪ್‌ಗಳ ಸಭೆ ಕರೆದ. ಅದು ಈಗ ಟರ್ಕಿಯಲ್ಲಿರುವ ಇಜ್ನಿಕ್. ಮಗ ಸೃಷ್ಟಿಯಾದವನಲ್ಲ, ತಂದೆಯ ಸತ್ವವೇ ಅವನ ಸತ್ವ ಎಂದು ಸಭೆ ತೀರ್ಮಾನಿಸಿತು. ಅರಿಯುಸ್ ಗಡೀಪಾರಾದ. ಆದರೂ ಜಗಳ ಮುಗಿಯಲಿಲ್ಲ. 381ರಲ್ಲಿ ಕಾನ್‌ಸ್ಟಾಂಟಿನೋಪಲ್‌ನಲ್ಲಿ ಇನ್ನೊಂದು ಸಭೆ ಸೇರಿ ಅದನ್ನೇ ಗಟ್ಟಿ ಮಾಡಬೇಕಾಯಿತು. ಆ ಮೊದಲ ಸಭೆಗೆ 2025ಕ್ಕೆ 1700 ವರ್ಷ ತುಂಬಿತು.

ಇದನ್ನು ವಿವರಿಸಲು ಹಳೆಯ ಕ್ರೈಸ್ತ ಲೇಖಕರು ಕೊಡುತ್ತಿದ್ದ ಉಪಮೆ ನಮಗೂ ಗೊತ್ತಿರುವಂಥದ್ದು. ಒಂದು ದೀಪದಿಂದ ಇನ್ನೊಂದು ದೀಪ ಹಚ್ಚಿದರೆ ಮೊದಲನೆಯದು ಕಡಿಮೆಯಾಗುವುದಿಲ್ಲ, ಬೆಳಕು ಎರಡು ಬಗೆಯದಾಗುವುದಿಲ್ಲ.

ಇಲ್ಲಿ ನಮ್ಮ ಮುಸ್ಲಿಂ ನೆರೆಯವರ ಮಾತನ್ನೂ ಹೇಳಬೇಕು. ಕುರಾನಿನ 112ನೇ ಅಧ್ಯಾಯ ದೇವರು ಯಾರನ್ನೂ ಹೆತ್ತಿಲ್ಲ, ಯಾರಿಗೂ ಹುಟ್ಟಿಲ್ಲ ಎಂದು ಸ್ಪಷ್ಟವಾಗಿ ಸಾರುತ್ತದೆ. ಯೇಸುವನ್ನು ಅವರು ಈಸಾ ಎಂದು ಕರೆದು ಬಹಳ ಗೌರವಿಸುತ್ತಾರೆ. ಆದರೆ ಪ್ರವಾದಿಯಾಗಿ, ದೇವರು ಕಳಿಸಿದ ದೂತನಾಗಿ.

ನಮ್ಮ ತಪ್ಪು ಏನೆಂದು ಅರ್ಥವಾದದ್ದು ಇಲ್ಲಿ. ಚರ್ಚಿನ ವರದಿಯಲ್ಲಿ ‘ದೇವದೂತ’ ಎಂದು ಬರೆದಾಗ ಮುಸ್ಲಿಮರ ನಂಬಿಕೆಯನ್ನು ಕ್ರೈಸ್ತರ ಬಾಯಲ್ಲಿ ಇಟ್ಟಿದ್ದೆವು. ಕೆಲವರು ‘ದೇವಮಾನವ’ ಎನ್ನುತ್ತಾರೆ, ಕೆಲವರು ‘ಅವತಾರಪುರುಷ’ ಎನ್ನುತ್ತಾರೆ. ಅಲ್ಲಿ ನಮ್ಮ ಮನೆಯ ಪದವನ್ನು ಅವರಿಗೆ ತೊಡಿಸುತ್ತೇವೆ. ಯಾವ ಪದವೂ ಬೈಗುಳವಲ್ಲ. ಆದರೆ ಒಂದೂ ಅವರದಲ್ಲ.

ಮಗ, ಪುತ್ರ, ಸುತ, ಕುಮಾರ

ಇಷ್ಟೆಲ್ಲ ಅರ್ಥ ಹೊತ್ತ ಪದವನ್ನು ಕನ್ನಡಕ್ಕೆ ತಂದವರ ಕಷ್ಟ ಊಹಿಸಿ. ಬಂಗಾಳದ ಸೆರಾಂಪುರದಲ್ಲಿ ವಿಲಿಯಂ ಕೇರಿ ಸಿದ್ಧಪಡಿಸುತ್ತಿದ್ದ ಕನ್ನಡ ಹಸ್ತಪ್ರತಿ 1812ರ ಬೆಂಕಿಯಲ್ಲಿ ಸುಟ್ಟುಹೋಯಿತು. 1810ರಿಂದ ಬಳ್ಳಾರಿಯಲ್ಲಿದ್ದ ಜಾನ್ ಹ್ಯಾಂಡ್ಸ್ ಮತ್ತು ಅವರ ಜೊತೆಗಾರರ ದುಡಿಮೆಯಿಂದ 1831ರ ಹೊತ್ತಿಗೆ ಇಡೀ ಬೈಬಲ್ ಕನ್ನಡದಲ್ಲಿ ಬಂತು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರು ಮುಂದೆ ಅದನ್ನು ತಿದ್ದಿದರು.

ಬಹುಕಾಲ ಬಳಕೆಯಲ್ಲಿರುವ ಪ್ರೊಟೆಸ್ಟೆಂಟರ ಅನುವಾದದಲ್ಲಿ ಬಿರುದಾಗಿ ಬಂದಾಗ ‘ದೇವಕುಮಾರ’, ಮನೆಮಾತಾಗಿ ಬಂದಾಗ ‘ಮಗ’. ಕ್ಯಾಥೊಲಿಕರ ಪ್ರಾರ್ಥನೆಯಲ್ಲಿ ‘ಪಿತ, ಸುತ’. ಈಚಿನ ಸರಳ ಅನುವಾದದಲ್ಲಿ ‘ಪುತ್ರ’. ಹಳೆಯದರಲ್ಲಿ ದೇವರಿಗೆ ಏಕವಚನ, ಹೊಸದರಲ್ಲಿ ಬಹುವಚನದ ಮರ್ಯಾದೆ. ಪದ ಯಾವುದಾದರೂ ‘ದೂತ’ ಮಾತ್ರ ಎಲ್ಲಿಯೂ ಅದರ ಜಾಗಕ್ಕೆ ಬಂದಿಲ್ಲ.

ಭದ್ರಾವತಿಗೆ ಹೋದರೆ ಈ ಪದ ಇನ್ನಷ್ಟು ಭಾಷೆಗಳಲ್ಲಿ ಕೇಳುತ್ತದೆ. ಕಬ್ಬಿಣದ ಕಾರ್ಖಾನೆ 1923ರಲ್ಲಿ ಉತ್ಪಾದನೆ ಆರಂಭಿಸಿತು, 1936ರಲ್ಲಿ ಕಾಗದ ಕಾರ್ಖಾನೆ ಸ್ಥಾಪನೆಯಾಯಿತು. ಕೆಲಸ ಹುಡುಕಿಕೊಂಡು ತಮಿಳರು, ತೆಲುಗರು, ಮಲಯಾಳಿಗಳು, ಕರಾವಳಿಯ ಕೊಂಕಣಿ ಕುಟುಂಬಗಳು ಬಂದವು. ಹಳೆಯ ತಮಿಳು ಪ್ರಾರ್ಥನೆಯಲ್ಲಿ ‘ಸುದನ್’, ಮಲಯಾಳದಲ್ಲಿ ‘ಪುತ್ರನ್’, ಕೊಂಕಣಿಯಲ್ಲಿ ‘ಪೂತ್’. ಕುಲುಮೆ ಒಂದೇ, ಪಾಳಿ ಒಂದೇ. ಹಣೆ ಮುಟ್ಟಿ ಶಿಲುಬೆಯ ಗುರುತು ಹಾಕುವಾಗ ಪದ ಬೇರೆ, ಅರ್ಥ ಒಂದೇ. 1988ರಲ್ಲಿ ಶಿವಮೊಗ್ಗ ಪ್ರತ್ಯೇಕ ಧರ್ಮಪ್ರಾಂತ್ಯವಾಯಿತು. 2007ರಲ್ಲಿ ಸಿರೋ-ಮಲಬಾರ್ ಸಭೆಯ ಭದ್ರಾವತಿ ಧರ್ಮಪ್ರಾಂತ್ಯ ಹುಟ್ಟಿತು. ಆ ಸಭೆಯ ಪೂಜಾವಿಧಿಯ ಮೂಲ ಸಿರಿಯಾಕ್, ಅಂದರೆ ಯೇಸು ಆಡಿದ ಅರಮಾಯಿಕ್‌ನ ಹತ್ತಿರದ ಬಂಧು. ಅಲ್ಲಿ ಈಗಲೂ ಮಗ ಎಂದರೆ ‘ಬರ್’.

ಎಲ್ಲರೂ ಮಕ್ಕಳು ಎಂದಾಗ

ಇಲ್ಲಿಗೆ ನಿಲ್ಲಿಸಿದರೆ ಅರ್ಧ ಮಾತ್ರ ಹೇಳಿದಂತೆ. ಗ್ರಂಥದಲ್ಲಿ ಮಗನ ಮಾತು ಒಬ್ಬನಲ್ಲೇ ಮುಗಿಯುವುದಿಲ್ಲ.

ಪೌಲನ ಪತ್ರಗಳು ಸುವಾರ್ತೆಗಳಿಗಿಂತ ಹಳೆಯವು, ಕ್ರಿ.ಶ. 50ರ ದಶಕದವು. ಗಲಾತ್ಯದವರಿಗೂ ರೋಮಿನವರಿಗೂ ಬರೆಯುವಾಗ ಪೌಲ ಒಂದು ಕಾನೂನಿನ ಪದ ಬಳಸುತ್ತಾನೆ, ಅದು ದತ್ತು. ಯೇಸು ಸ್ವಂತ ಮಗ, ನಂಬಿದವರು ದತ್ತುಮಕ್ಕಳು. ಆದರೆ ದತ್ತುಮಗನಿಗೂ ಆಸ್ತಿಯಲ್ಲಿ ಪೂರ್ಣ ಹಕ್ಕು. ಯೇಸು ದೇವರನ್ನು ಕರೆಯುತ್ತಿದ್ದ ‘ಅಬ್ಬಾ’ ಎಂಬ ಅರಮಾಯಿಕ್ ಮಾತಿನಿಂದಲೇ ಅವರೂ ಕರೆಯಬಹುದು. ಅಬ್ಬಾ ಎಂದರೆ ಅಪ್ಪ. ನಮ್ಮ ಅಪ್ಪನಿಗೂ ಅದಕ್ಕೂ ಇರುವುದು ಉಚ್ಚಾರದ ಹೋಲಿಕೆ ಮಾತ್ರ, ಆದರೂ ಕಿವಿಗೆ ಹಿತ. ಅದೇ ಪತ್ರದಲ್ಲಿ ಯೆಹೂದ್ಯ-ಗ್ರೀಕ, ಗುಲಾಮ-ಸ್ವತಂತ್ರ, ಗಂಡು-ಹೆಣ್ಣು ಎಂಬ ಭೇದ ಇನ್ನಿಲ್ಲ ಎನ್ನುತ್ತಾನೆ. ರೋಮಿನ ಕಾನೂನಿನಲ್ಲಿ ಗುಲಾಮನಿಗೆ ಅಪ್ಪನ ಹೆಸರೇ ಇರಲಿಲ್ಲ. ಅಂಥವನಿಗೆ ನೀನು ಮಗ, ವಾರಸುದಾರ ಎಂದರೆ ಹೇಗೆ ಕೇಳಿಸಿರಬೇಡ!

ನಮ್ಮ ನೆಲದಲ್ಲೂ ಈ ಬಗೆಯ ಮಾತು ಕೇಳಿದೆ. ಬ್ರಾಹ್ಮಣ ಕುಲದಲ್ಲಿ ಹುಟ್ಟಿದ ಬಸವಣ್ಣ 12ನೇ ಶತಮಾನದಲ್ಲಿ ಮಾದಾರ ಚೆನ್ನಯ್ಯನನ್ನು ತನ್ನ ಅಪ್ಪ ಎಂದು ಕರೆದುಕೊಂಡ. ಎರಡೂ ಒಂದೇ ಎಂದು ನಾವು ಹೇಳುತ್ತಿಲ್ಲ. ಆದರೆ ಹುಟ್ಟಿನ ಅಪ್ಪನನ್ನು ಮೀರಿ ಇನ್ನೊಬ್ಬ ಅಪ್ಪನನ್ನು ಹೇಳಿಕೊಳ್ಳುವುದು ಊರಿನ ಲೆಕ್ಕವನ್ನು ಬುಡಮೇಲು ಮಾಡುವ ಮಾತು ಎಂಬುದು ಎರಡು ಕಡೆಯೂ ನಿಜ.

ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಓದಿದವರಿಗೆ ತೀರ್ಥಹಳ್ಳಿ ಸೀಮೆಯಲ್ಲಿ ಸೈಕಲ್ ಏರಿ ಬರುವ ಪಾದ್ರಿ ನೆನಪಿರಬಹುದು. ಹೊಸ ದೇವರ ಸುದ್ದಿ ಮಲೆನಾಡಿಗೆ ಬಂದಾಗ ಕುತೂಹಲ, ಹೆದರಿಕೆ, ಗೇಲಿ, ಆಸೆ ಎಲ್ಲ ಒಟ್ಟಿಗೇ ಎದ್ದದ್ದನ್ನು ಆ ಕಾದಂಬರಿ ತೋರಿಸುತ್ತದೆ. ಆ ಗೊಂದಲ ಇಂದಿಗೂ ಪೂರ್ತಿ ಹೋಗಿಲ್ಲ. ಎಲ್ಲರೂ ಮಕ್ಕಳು ಎಂದು ಸಾರುವ ಸಭೆಗಳ ಒಳಗೂ ಜಾತಿ ಪೂರ್ತಿ ಅಳಿದಿಲ್ಲ ಎಂದು ದಲಿತ ಕ್ರೈಸ್ತರು ದೇಶದ ಹಲವೆಡೆ ಹೇಳುತ್ತಲೇ ಬಂದಿದ್ದಾರೆ. ದೊಡ್ಡ ಪದ ಇಟ್ಟುಕೊಂಡವರು ಅದರ ಭಾರವನ್ನೂ ಹೊರಬೇಕು.

ಶಿವಮೊಗ್ಗದಲ್ಲಿ ವರದಿ ಮಾಡುವವರಿಗೆ ಒಂದು ವಿಷಯ ಚೆನ್ನಾಗಿ ಗೊತ್ತು. ಇಲ್ಲಿ ಒಂದು ಬ್ಯಾನರಿನ ಒಂದು ಪದಕ್ಕೆ ಊರು ಬಿಸಿಯಾಗುತ್ತದೆ, ನಿಷೇಧಾಜ್ಞೆ ಬರುತ್ತದೆ. ಸಿಟ್ಟಿನಿಂದ ಆಡಿದ ಪದ ಮಾತ್ರ ನೋಯಿಸುತ್ತದೆ ಎಂದು ತಿಳಿದಿದ್ದೆವು. ಪ್ರೀತಿಯಿಂದಲೇ, ಆದರೆ ಕೇಳಿ ತಿಳಿಯದೆ ಬರೆದ ಪದವೂ ವರ್ಷಗಟ್ಟಲೆ ಚುಚ್ಚುತ್ತಿರಬಹುದು ಎಂದು ಆ ಫೋನ್ ಬಂದ ಮೇಲೆ ತಿಳಿಯಿತು.

ಅಂದಿನಿಂದ ಹಬ್ಬದ ವರದಿ ಬರೆಯುವಾಗ ಒಂದು ನಿಯಮ ಇಟ್ಟುಕೊಂಡಿದ್ದೇವೆ. ಯಾರ ಹಬ್ಬವೋ ಅವರ ದೇವರಿಗೆ ಅವರದೇ ಪದ. ಗೊತ್ತಿಲ್ಲದಿದ್ದರೆ ಕಳಿಸುವ ಮೊದಲು ಒಂದು ಫೋನ್.

ಮರುವರ್ಷದ ಕ್ರಿಸ್‌ಮಸ್ ವರದಿಯಲ್ಲಿ ‘ದೇವಪುತ್ರ’ ಎಂದು ಬರೆದೆವು. ಭದ್ರಾವತಿಯಿಂದ ಈ ಸಲ ಫೋನ್ ಬರಲಿಲ್ಲ. ವಾಟ್ಸಾಪಿನಲ್ಲಿ ಪತ್ರಿಕೆಯ ಆ ತುಣುಕಿನ ಫೋಟೊ ಬಂತು, ಕೆಳಗೆ ಕೈಮುಗಿದ ಒಂದು ಚಿಹ್ನೆ.